ಸಿಗರೇಟು ಬಿಟ್ಟ ಮೂಗು

ಮಾರ್ಚ್ 2

ಕೈ ಸುಮ್ಮನಿರದಿದ್ದರೆ ಏನಾದರೂ ಬರೆಯುತ್ತಾ ಕೂತಿರಿ ಎಂದು ಆರೋಗ್ಯ ಕೇಂದ್ರದ ನರ್ಸ್ ಲೋ ಹೇಳಿದಳು. ಏನು ಬರೆಯಲಿ ಎಂದೆ. "ಏನಾದ್ರೂ ಬರೀರಿ ತಾತ, ಯಾರು ನೋಡ್ತಾರೆ" ಎಂದಳು. ನನಗಿನ್ನೂ ಅರವತ್ತೊಂದು. ಸಿಗರೇಟು ಬಿಡುವ ಮೊದಲೇ ತಾತನಾದೆ.

ಇಷ್ಟಕ್ಕೆಲ್ಲ ಕಾರಣ ಕಳೆದ ಜೂನ್ ತಿಂಗಳ ಚಹಾ. ಜಿಗಿಹುಳು ಕಚ್ಚಿ ಅಂಚು ಕೆಂಪಾದ ಚಿಗುರಿನಿಂದ ವರ್ಷಕ್ಕೊಮ್ಮೆ ಮಾಡುವ ಚಹಾ ಅದು. ಜೇನಿನ ವಾಸನೆ ಬಂದರೆ ಮಾತ್ರ ಚಹಾ, ಇಲ್ಲದಿದ್ದರೆ ಸೊಪ್ಪು. ಪೇಟೆಯಿಂದ ಬಂದ ವ್ಯಾಪಾರಿ ಬಟ್ಟಲನ್ನು ಮೂಸಿದ, ಮುಚ್ಚಳ ಮುಚ್ಚಿದ, ಈ ಸಲ ನಿಮ್ಮ ಕಡೆ ಮಳೆ ಹೇಗೆ ಎಂದು ವಿಚಾರಿಸಿದ. ಅವನು ಬೈದಿದ್ದರೆ ವಾಸಿ ಇತ್ತು. ನಾನು ಅದೇ ಬಟ್ಟಲನ್ನು ಮೂಸಿ ನೋಡಿದೆ. ನನಗೆ ಒಳ್ಳೆಯದೂ ತಿಳಿಯಲಿಲ್ಲ, ಕೆಟ್ಟದ್ದೂ ತಿಳಿಯಲಿಲ್ಲ. ಬಿಸಿ ಮಾತ್ರ ತಿಳಿಯಿತು.

ಮೂಗು ಸತ್ತಿಲ್ಲ, ಹೊಗೆಯಲ್ಲಿ ಮುಳುಗಿದೆ ಎಂದರು ಡಾಕ್ಟರು. ಸಿಗರೇಟು ಬಿಟ್ಟರೆ ಮೇಲೆ ಬರಬಹುದು, ಬರದೆಯೂ ಇರಬಹುದು. ನನ್ನ ಹೆಂಡತಿ ಲಾನ್-ಮೋಯ್ ಅಲ್ಲೇ ತೀರ್ಪು ಕೊಟ್ಟಳು. ಎಲೆ ಕೊಯ್ಯುವ ಕಾಲದ ದೋಣಿ ಹಬ್ಬದ ಹೊತ್ತಿಗೆ ಮೂಗು ಬಂದರೆ ಈ ವರ್ಷದ ಚಹಾ ತಯಾರಾಗುವುದು ನಮ್ಮ ಚಹಾ ಮನೆಯಲ್ಲೇ. ಬರದಿದ್ದರೆ ಎಲೆಯೆಲ್ಲ ನನ್ನ ತಮ್ಮನ ಮಗ ಯೂ-ಚೆಂಗ್‌ನ ಕಾರ್ಖಾನೆಗೆ, ಅಪ್ಪ ಕಟ್ಟಿದ ಚಹಾ ಮನೆಗೆ ಬೀಗ. ಡಾಕ್ಟರ ಎದುರಿಗೆ ಇಲ್ಲವೆನ್ನಲು ನಾಚಿಕೆಯಾಯಿತು. ಹೂಂ ಎಂದೆ.

ಮಾರ್ಚ್ 3

ನರ್ಸ್ ಲೋ ಪ್ರಕಾರ ಸಿಗರೇಟನ್ನು ಬಿಡಬೇಕಿಲ್ಲವಂತೆ, ಸಿಗರೇಟಿನ ಜಾಗಗಳನ್ನು ಬದಲಾಯಿಸಿದರೆ ಸಾಕಂತೆ. ಎದ್ದ ಕೂಡಲೇ ಚಹಾ ಕುಡಿಯಬಾರದು, ಹಲ್ಲುಜ್ಜಬೇಕು. ಊಟವಾದ ಮೇಲೆ ಕೂರಬಾರದು, ಪಾತ್ರೆ ತೊಳೆಯಬೇಕು. ತೋಟಕ್ಕೆ ಹೋಗುವ ದಾರಿ ಬೇರೆ ಹಿಡಿಯಬೇಕು. ದಿನಾ ಕೂತು ಸೇದುವ ಜಾಗದಲ್ಲಿ ಕೂರಲೇಬಾರದು.

ನಾನು ಕೂತು ಸೇದುವ ಜಾಗವೆಂದರೆ ಚಹಾ ಮನೆಯ ಹೊಸ್ತಿಲ ಕಲ್ಲು. ನಲವತ್ತು ವರ್ಷಕ್ಕೂ ಮೇಲೆ ಕೂತು ನುಣುಪಾದ ಕಲ್ಲು. ಲಾನ್-ಮೋಯ್ ಇವತ್ತು ಅದರ ಮೇಲೆ ಈರುಳ್ಳಿ ಕುಂಡಗಳನ್ನು ಸಾಲಾಗಿ ಇಟ್ಟಿದ್ದಾಳೆ. ಊಟವಾದ ಮೇಲೆ ಪಾತ್ರೆ ತೊಳೆದೆ. ಒಂದು ಬಟ್ಟಲು ಒಡೆಯಿತು. "ಬೇಕು ಅಂತ್ಲೇ ಒಡೆದ್ಯಾ?" ಎಂದು ಕೇಳಿದಳು. ಬೇಕೆಂದೇ ಒಡೆದದ್ದು.

ಮಾರ್ಚ್ 5

ಲಾನ್-ಮೋಯ್ ಜೊತೆ ಜಗಳ. ಕಾರಣ ನೆನಪಿಲ್ಲ. ಕಲ್ಲಂಗಡಿ ಬೀಜ ಬಿಡಿಸಿ ತಿಂದು ತಿಂದು ನಾಲಿಗೆ ಸುಲಿದುಹೋಗಿದೆ.

ಮಾರ್ಚ್ 11

ಬೇರೆ ದಾರಿಯಲ್ಲಿ ತೋಟಕ್ಕೆ ಹೊರಟರೆ ಎದುರಿಗೆ ಸಿಕ್ಕವನು ಆ-ಖುನ್. ಒಂದನೇ ತರಗತಿಯಿಂದ ಜೊತೆಗಿದ್ದವನು, ಪರ್ಸಿಮನ್ ಹಣ್ಣಿನ ತೋಟದ ಯಜಮಾನ. ನನ್ನನ್ನು ಕಂಡದ್ದೇ ಸ್ಕೂಟರ್ ನಿಲ್ಲಿಸಿ ಪೊಟ್ಟಣ ತೆಗೆದು ಒಂದು ಸಿಗರೇಟು ಮುಂದೆ ಚಾಚಿದ. ನಮ್ಮಲ್ಲಿ ನಮಸ್ಕಾರವೆಂದರೆ ಅದೇ.

"ಬಿಟ್ಟಿದೀನಿ ಕಣೋ."

"ಬಿಟ್ಯಾ? ಒಳ್ಳೇದಾಯ್ತು ಬಿಡು. ಆ ಖುಷಿಗೆ ಒಂದು ಸೇದು, ಹಿಡಿ."

"ಡಾಕ್ಟ್ರು ಬೇಡ ಅಂದಿದಾರೆ."

"ಡಾಕ್ಟ್ರು ನಿನಗೆ ಬೇಡ ಅಂದಿದಾರೆ. ಕೊಡ್ತಾ ಇರೋನು ನಾನು. ನನಗೇನೂ ಹೇಳಿಲ್ವಲ್ಲ?"

ತೆಗೆದುಕೊಳ್ಳದಿದ್ದರೆ ಮುಖಕ್ಕೆ ಹೊಡೆದ ಹಾಗೆ. ತೆಗೆದುಕೊಂಡು ಕಿವಿಯ ಮೇಲೆ ಸಿಕ್ಕಿಸಿಕೊಂಡೆ. ಮನೆಗೆ ಬರುವವರೆಗೂ ಆ ಕಿವಿ ಒಂದೇ ನನ್ನದು ಅನ್ನಿಸುತ್ತಿತ್ತು. ಲಾನ್-ಮೋಯ್ ಅದನ್ನು ಎಳೆದು ಮುಸುರೆ ನೀರಿಗೆ ಹಾಕಿದಳು.

ನನ್ನ ಮೊದಲ ಸಿಗರೇಟಿಗೂ ಇದೇ ಆ-ಖುನ್ ಜೊತೆಗಿದ್ದ. ಹದಿನಾರು ವರ್ಷ ಇಬ್ಬರಿಗೂ. ತೋಟದಂಚಿನ ಪಕ್‌ಕುಂಗ್ ಅಜ್ಜನ ಗುಡಿಯ ಮುಂದೆ ಯಾರೋ ಸಿಗರೇಟು ಹಚ್ಚಿಟ್ಟು ಕೈಮುಗಿದು ಹೋಗಿದ್ದರು. ಈ ನೆಲ ಕಾಯುವ ದೇವರು ಅಜ್ಜ, ಅವನಿಗೆ ಊದಿನಕಡ್ಡಿಯ ಜೊತೆ ಸಿಗರೇಟೂ ಆಗಬೇಕು. "ಅಜ್ಜ ಅರ್ಧ ಸೇದಿದಾನೆ, ಉಳಿದಿದ್ದು ಪ್ರಸಾದ" ಎಂದು ಆ-ಖುನ್ ಎತ್ತಿಕೊಟ್ಟ. ಗುಡಿಯ ಹಿಂದೆ ಕೂತು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆಗ ನಾವು ಎಷ್ಟು ನಗುತ್ತಿದ್ದೆವು. ಅಷ್ಟು ನಗು ಆಮೇಲೆ ಎಲ್ಲಿ ಹೋಯಿತೋ.

ಮಾರ್ಚ್ 16

ಇವತ್ತು ಹುಣ್ಣಿಮೆ. ಹುಣ್ಣಿಮೆಯ ದಿನ ಮತ್ತು ಅಮಾವಾಸ್ಯೆಯ ಮರುದಿನ ಪಕ್‌ಕುಂಗ್ ಅಜ್ಜನಿಗೆ ಒಂದು ಸಿಗರೇಟು ಹಚ್ಚಿಡುವುದು ನಮ್ಮ ಮನೆಯ ಪದ್ಧತಿ. ಯೋಚಿಸಿದೆ. ಬಿಟ್ಟಿರುವವನು ನಾನು, ಅಜ್ಜನಲ್ಲ. ನನ್ನ ಮೂಗಿಗಾಗಿ ದೇವರ ಬಾಯಿ ಕಟ್ಟುವುದು ಯಾವ ನ್ಯಾಯ? ಹಚ್ಚದ ಸಿಗರೇಟನ್ನು ಇಟ್ಟರೆ ಅದು ಅವಮಾನ. ಎಳೆಯದೆ ಹಚ್ಚಲು ಬರುವುದಿಲ್ಲ.

ಗಾಳಿ ಜೋರಾಗಿತ್ತು. ಎರಡು ಸಲ ಎಳೆಯಬೇಕಾಯಿತು.

ಮಾರ್ಚ್ 17

ಹುಣ್ಣಿಮೆ ಅಮಾವಾಸ್ಯೆಗಷ್ಟೇ ಅಜ್ಜನನ್ನು ವಿಚಾರಿಸಿಕೊಳ್ಳುವುದು ನಾವು ಮಾಡಿಕೊಂಡ ಅನುಕೂಲ. ಅವನು ದಿನಾ ತೋಟ ಕಾಯುತ್ತಾನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿಬಂದೆ. ಮನಸ್ಸು ಹಗುರವಾಗಿದೆ. ಜಗಳವಿಲ್ಲ.

ಮಾರ್ಚ್ 20

ಸಿಕ್ಕಿಬಿದ್ದೆ.

ಸಂಜೆ ಗುಡಿಯ ಮುಂದೆ ಹಚ್ಚುತ್ತಿದ್ದೇನೆ, ಹಿಂದಿನಿಂದ ಮಾತು ಬಂತು. "ಏನು ಭಕ್ತಿ! ಏನು ಭಕ್ತಿ! ಮದುವೆಯಾದಾಗಿಂದ ಇಷ್ಟು ಭಕ್ತಿ ನೋಡಿಲ್ಲಪ್ಪ ನಾನು."

"ಅಜ್ಜನಿಗೆ ಹಚ್ಚಿಕೊಡ್ತಾ ಇದ್ದೆ."

"ಅಜ್ಜನ ಸಿಗರೇಟು ನಿನ್ನ ಬಾಯಲ್ಲಿ ಯಾಕಿದೆ?"

"ಎಳೀದೆ ಹತ್ಕೊಳಲ್ಲ, ನಿಂಗೊತ್ತಿಲ್ವಾ?"

"ಮೂಗಲ್ಲಿ ಹೊಗೆ ಬರೋ ತನಕ ಎಳೀಬೇಕಾ?"

ಬೈಯುತ್ತಾಳೆ ಎಂದುಕೊಂಡರೆ ಅವಳು ನೇರ ಗುಡಿಯ ಮುಂದೆ ಮಂಡಿಯೂರಿ, ಪ್ರಶ್ನೆ ಕೇಳುವ ಅರ್ಧಚಂದ್ರದ ಮರದ ತುಂಡುಗಳೆರಡನ್ನೂ ಕೈಗೆ ತೆಗೆದುಕೊಂಡಳು. "ಅಜ್ಜಾ, ಇವನು ನಿನ್ನ ಹೆಸರು ಹೇಳ್ಕೊಂಡು ಕದ್ದು ಸೇದ್ತಾ ಇದಾನೆ. ಇವನ ಜೊತೆ ನೀನೂ ಬಿಟ್ಟುಬಿಡು. ಬದಲಿಗೆ ಕಡಲೆಕಾಯಿ ಮಿಠಾಯಿ ಇಡ್ತೀನಿ, ಆಗಬಹುದಾ?"

ಎಸೆದಳು. ಎರಡೂ ಚಪ್ಪಟೆ ಬದಿ ಮೇಲಾಗಿ ಬಿದ್ದವು. ಹಾಗೆ ಬಿದ್ದರೆ ದೇವರು ನಗುತ್ತಿದ್ದಾನೆ ಎಂದರ್ಥ. ನನಗೂ ನಗು ಬಂತು. ಮತ್ತೆ ಎಸೆದಳು. ಎರಡೂ ಉಬ್ಬಿದ ಬದಿ ಮೇಲಾಗಿ. ಆಗುವುದಿಲ್ಲ ಎಂದ ಅಜ್ಜ. "ನೋಡು, ದೇವರೇ ಒಪ್ತಾ ಇಲ್ಲ" ಎಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. "ಮಿಠಾಯಿ ಜೊತೆ ಹಬ್ಬಕ್ಕೆ ಒಂದು ಕೋಳಿ. ಇಡೀ ಕೋಳಿ. ಇದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ ಅಜ್ಜಾ, ಕೋಳಿ ನಾನೇ ಸಾಕಿದ್ದು." ಮೂರನೆಯ ಸಲ ಒಂದು ಮೇಲಾಗಿ ಒಂದು ಕೆಳಗಾಗಿ ಬಿತ್ತು. ಒಪ್ಪಿದ.

ಹೀಗೆ ದೇವರೂ ನಾನೂ ಒಂದೇ ದಿನ ಸಿಗರೇಟು ಬಿಟ್ಟೆವು. ಬರುವಾಗ ಲಾನ್-ಮೋಯ್ ನನ್ನ ಜೇಬಿನಿಂದ ಪೊಟ್ಟಣ ತೆಗೆದು ಮಿಠಾಯಿ ತುರುಕಿದಳು.

ಏಪ್ರಿಲ್ 2

ಚಳಿ ಹಿಂದಿರುಗಿದೆ. ಚಹಾ ಮನೆ ಗುಡಿಸಿದೆ. ಬಿದಿರ ತಟ್ಟೆಗಳನ್ನು ಇಳಿಸಿ ಒರೆಸಿದೆ.

ಕೈಗೆ ಕೆಲಸವಿದ್ದರೂ ಕಾಲು ಮಾತ್ರ ಮತ್ತೆ ಮತ್ತೆ ಹೊಸ್ತಿಲ ಕಡೆಗೇ. ಕಾರಣ ಹುಡುಕಿದರೆ ಇಷ್ಟೇ. ಎಲೆ ಬಾಡಿಸಿ, ತಟ್ಟೆಯಲ್ಲಿ ಕೈಯಾಡಿಸಿ, ಮತ್ತೆ ಸುಮ್ಮನೆ ಬಿಡಬೇಕು. ಮತ್ತೆ ಕೈಯಾಡಿಸಬೇಕು, ಮತ್ತೆ ಬಿಡಬೇಕು. ಬಿಡುವ ಹೊತ್ತನ್ನು ನಾನು ಸಿಗರೇಟಿನಲ್ಲಿ ಅಳೆಯುತ್ತಿದ್ದೆ. ಮೊದಲ ಸಲಕ್ಕೆ ಹೊಸ್ತಿಲ ಮೇಲೆ ಎರಡು. ಮುಂದಿನದಕ್ಕೆ ಒಂದು ಬಟ್ಟಲು ಶಾವಿಗೆ ಮತ್ತು ಇನ್ನೆರಡು. ಕೊನೆಯದಕ್ಕೆ ಮೂರು. ಸೇದಿ ಮುಗಿಯಿತೆಂದರೆ ಎಲೆಯೂ ಆಯಿತು. ಗಡಿಯಾರ ನೋಡಿದವನಲ್ಲ. ನಡೆದುಕೊಂಡು ಹೋಗುತ್ತಿತ್ತು, ಕಳೆದ ವರ್ಷದವರೆಗೂ.

ಅಪ್ಪನೂ ಸೇದುತ್ತಿದ್ದವನೇ. ಆದರೆ ಎಲೆ ಕೊಯ್ಯುವ ಕಾಲ ಬಂತೆಂದರೆ ಮುಟ್ಟುತ್ತಿರಲಿಲ್ಲ, ಅಮ್ಮ ಬೆಳ್ಳುಳ್ಳಿ ಹುರಿದರೂ ಕೂಗಾಡುತ್ತಿದ್ದ. ಇಷ್ಟಾದರೆ ಸಾಕಾ ಅಪ್ಪ ಎಂದು ಕೇಳಿದರೆ ಒಂದೇ ಮಾತು, "ಬಾ ಇಲ್ಲಿ, ಮೂಸು." ತಟ್ಟೆಯ ಮೇಲೆ ನನ್ನ ತಲೆ ಹಿಡಿದು ಬಗ್ಗಿಸುತ್ತಿದ್ದ. ಇಪ್ಪತ್ತರ ವಯಸ್ಸಿನಲ್ಲಿ ನನಗೂ ತಿಳಿಯುತ್ತಿತ್ತು. ಯಾವ ವರ್ಷದಿಂದ ಮೂಗು ಬಿಟ್ಟು ಸಿಗರೇಟನ್ನು ನಂಬಿದೆನೋ ಗೊತ್ತಿಲ್ಲ. ತಲೆಯ ಮೇಲೆ ಅಪ್ಪನ ಕೈ ಎಷ್ಟು ಭಾರವಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಏಪ್ರಿಲ್ 9

ಮದುವೆಯ ದಿನ ನೆನಪಾಯಿತು. ಹೊಸ ಮದುಮಗಳು ಗಂಡನ ಕಡೆಯ ಹಿರಿಯರಿಗೆಲ್ಲ ಸಿಗರೇಟು ಕೊಟ್ಟು ಹಚ್ಚಬೇಕು. ನನ್ನ ಮೂರನೇ ಚಿಕ್ಕಪ್ಪ ಪೋಲಿ. ಲಾನ್-ಮೋಯ್ ಕಡ್ಡಿ ಗೀರಿದಾಗಲೆಲ್ಲ ಉಫ್ ಎಂದು ಆರಿಸುತ್ತಿದ್ದ. ಮನೆ ತುಂಬ ನಗು. ಅವಳು ಸುಮ್ಮನೆ ಎದ್ದು ಒಳಗೆ ಹೋದಳು. ಅಳಲು ಹೋದಳು ಎಂದುಕೊಂಡೆ. ಇಕ್ಕಳದಲ್ಲಿ ಉರಿಯುವ ಕೆಂಡ ಹಿಡಿದು ಬಂದು "ಊದಿ ಚಿಕ್ಕಪ್ಪ" ಎಂದಳು.

ಆ ಚಿಕ್ಕಪ್ಪ ಸಾಯುವವರೆಗೂ ಅವಳಿಗೆ ಹೆದರುತ್ತಿದ್ದ. ನಾನು ಅಂದೇ ಹೆದರಿದವನು.

ಏಪ್ರಿಲ್ 24

ಮೂಗಿನಲ್ಲಿ ಏನೂ ಬದಲಾವಣೆ ಇಲ್ಲ. ಬರೆದಿಡುತ್ತೇನೆ, ಆಮೇಲೆ ಡಾಕ್ಟರಿಗೆ ತೋರಿಸಬಹುದು.

ಲಾನ್-ಮೋಯ್ ಬಟ್ಟೆ ಸಾಬೂನು ಬದಲಾಯಿಸಿದ್ದಾಳೆ. ಹಾಸಿಗೆಯಲ್ಲಿ ತಲೆ ಇಟ್ಟರೆ ಘಾಟು, ನಿದ್ದೆ ಬರುವುದಿಲ್ಲ. ಇದನ್ನೇಕೆ ತಂದೆ ಎಂದು ಕೇಳಿದರೆ, "ಹತ್ತು ವರ್ಷದಿಂದ ಇದೇ ಸಾಬೂನು" ಎನ್ನುತ್ತಾಳೆ. ಸುಳ್ಳು ಹೇಳುವುದನ್ನು ಯಾವಾಗ ಕಲಿತಳೋ. ಬೇರೆ ಸಾಬೂನು ತಾ ಎಂದರೆ ಕಿಸಕ್ಕನೆ ನಕ್ಕು ಅಡುಗೆಮನೆಗೆ ಹೋದಳು. ಸಿಗರೇಟು ಬಿಟ್ಟ ಗಂಡಸಿನ ಮೇಲೆ ಹೆಂಗಸರಿಗೆ ಗೌರವ ಹೆಚ್ಚುತ್ತದೆ ಎಂದು ನರ್ಸ್ ಲೋ ಹೇಳಿದ್ದಳು.

ಮಧ್ಯಾಹ್ನ ಹೊಟ್ಟೆ ಎಷ್ಟು ಹಸಿದಿತ್ತೆಂದರೆ ಕರೆಯುವ ಮೊದಲೇ ತೋಟದಿಂದ ಎದ್ದು ಬಂದೆ. ಒಣ ಸ್ಕ್ವಿಡ್ ಮೀನು ಹಾಕಿ ಹಂದಿಮಾಂಸ ಹುರಿಯುತ್ತಿದ್ದಳು. ಎರಡು ಬಟ್ಟಲು ಅನ್ನ ಉಂಡೆ. ಪಾತ್ರೆ ತೊಳೆದೆ, ಒಡೆಯಲಿಲ್ಲ.

ಮೇ 7

ಗುಡ್ಡದಲ್ಲಿ ಟುಂಗ್ ಮರಗಳು ಬಿಳಿಯ ಹೂ ಉದುರಿಸುತ್ತಿವೆ. ಪೇಟೆಯವರು ಫೋಟೊ ತೆಗೆಯಲು ಬಂದು ದಾರಿಗೆ ಅಡ್ಡ ನಿಂತಿದ್ದಾರೆ.

ಆ-ಖುನ್ ಮನೆಗೆ ಬಂದಿದ್ದ. ಒಳ್ಳೆಯ ಮನುಷ್ಯ, ಈಗ ಹೊಸ ಅಭ್ಯಾಸ ಮಾಡಿಕೊಂಡಿದ್ದಾನೆ, ನನ್ನ ಎದುರಿಗೆ ಪೊಟ್ಟಣ ತೆಗೆಯುವುದಿಲ್ಲ, ಬದಲಿಗೆ ಮಿಠಾಯಿ ಚಾಚುತ್ತಾನೆ. ಆದರೆ ಅವನು ಸ್ನಾನ ಯಾವಾಗ ಬಿಟ್ಟನೋ. ಅವನ ಜಾಕೆಟ್ಟಿನ ಪಕ್ಕದಲ್ಲಿ ಕೂರಲು ಆಗಲಿಲ್ಲ. ಹಳೆಯ ಬೂದಿ, ಬೆವರು, ಸ್ಕೂಟರ್ ಎಣ್ಣೆ. ಅಂಗಳಕ್ಕೆ ಕರೆದುಕೊಂಡು ಹೋಗಿ ಮಾತಾಡಿಸಿದೆ. ಅವನ ಹೆಂಡತಿ ಹೇಗೆ ಸಹಿಸುತ್ತಾಳೋ ಪಾಪ.

ಅವನು ಹೋದ ಮೇಲೆ ಲಾನ್-ಮೋಯ್ ಉಪ್ಪಿನಲ್ಲಿ ಹುಳಿಸಿದ ಸಾಸಿವೆ ಸೊಪ್ಪಿನ ಜಾಡಿ ತೆರೆದಳು. ನಾನು ಅಂಗಳದಲ್ಲೇ ಇದ್ದೆ. ಏನಾಯಿತೋ, ಇದ್ದಕ್ಕಿದ್ದ ಹಾಗೆ ಅಮ್ಮ ಕಣ್ಣಮುಂದೆ ಬಂದಳು. ಚಳಿಗಾಲದ ಬೆಳಿಗ್ಗೆ, ದೊಡ್ಡ ಮರದ ಪೀಪಾಯಿಯೊಳಗೆ ಸೊಪ್ಪು ಒಂದು ಪದರ, ಉಪ್ಪು ಒಂದು ಪದರ. ಅಮ್ಮ ಕಾಲು ತೊಳೆದು ಒಳಗಿಳಿದು ತುಳಿಯುತ್ತಿದ್ದಳು. ನಾವು ಮಕ್ಕಳು ಸರದಿಯ ಮೇಲೆ ಅವಳ ಸೊಂಟ ಹಿಡಿದು ತುಳಿಯುತ್ತಿದ್ದೆವು. ಉಪ್ಪು ಕಾಲಿನ ಗೀರುಗಳಿಗೆ ತಾಗಿ ಉರಿಯುತ್ತಿತ್ತು. ಅಮ್ಮನ ಬೆನ್ನಿಗೆ ಮುಖ ಒತ್ತಿದರೆ ಹೊಗೆಗೂಡಿನ ಮಸಿ, ಚಹಾ ಬೀಜದ ಎಣ್ಣೆ ಹಚ್ಚಿದ ಕೂದಲು, ಹುಳಿಹುಳಿಯಾದ ಸೊಪ್ಪು, ಎಲ್ಲ ಸೇರಿ ಅಮ್ಮ. ಅವಳು ಹೋಗಿ ಇಪ್ಪತ್ತಾರು ವರ್ಷ. ಅವಳ ಮುಖ ನೆನೆದುಕೊಳ್ಳಲು ಗೋಡೆಯ ಮೇಲಿನ ಫೋಟೊ ನೋಡಬೇಕಾಗಿತ್ತು ಇಷ್ಟು ದಿನ. ಇವತ್ತು ಫೋಟೊ ಬೇಕಾಗಲಿಲ್ಲ.

ಅಂಗಳದಲ್ಲಿ ನಿಂತು ಅತ್ತುಬಿಟ್ಟೆ. ಲಾನ್-ಮೋಯ್ ಜಾಡಿಯ ಮುಚ್ಚಳ ಹಿಡಿದು ನನ್ನನ್ನೇ ನೋಡುತ್ತಿದ್ದಳು. ವಯಸ್ಸಾದರೆ ಕಣ್ಣೀರು ಸಲೀಸಾಗಿ ಬರುತ್ತದೆ ಎಂದು ಹೇಳಿ ಸ್ಕೂಟರ್ ಹತ್ತಿದೆ. ಹೆಲ್ಮೆಟ್ ಒಳಗೂ ಎಂಥದೋ ನಾತ. ಅದನ್ನು ಕೆರೆಯ ನೀರಿನಲ್ಲಿ ತೊಳೆದು ತಂದೆ.

ಮೇ 29

ಜಿಗಿಹುಳು ಬಂದಿವೆ. ಕೆಳಗಿನ ಪಾತಿಯಲ್ಲಿ ಚಿಗುರಿನ ಅಂಚು ಕೆಂಪಾಗಿ ಮುದುಡಿದೆ. ಇಷ್ಟು ಚೆನ್ನಾಗಿ ಕಚ್ಚಿದ್ದನ್ನು ನಾನು ಬಹಳ ವರ್ಷದಿಂದ ನೋಡಿಲ್ಲ.

ಹಬ್ಬ ಹತ್ತಿರ ಬಂತು. ಪರೀಕ್ಷೆ ಮಾಡಿಕೊಳ್ಳಲೇಬೇಕೆಂದು ಹೊರಟೆ. ಲಾನ್-ಮೋಯ್ ಮನೆಯಲ್ಲಿಲ್ಲದ ಹೊತ್ತು ನೋಡಿ, ಕಳೆದ ವರ್ಷದ ನನ್ನ ಚಹಾದ ಡಬ್ಬಿ ತೆಗೆದೆ. ಮುಚ್ಚಳ ತೆಗೆದು ಮೂಗಿಟ್ಟೆ. ಜೇನಿಲ್ಲ. ಹೂವಿಲ್ಲ. ಹಣ್ಣಿಲ್ಲ. ಬಿಸಿನೀರು ಹಾಕಿ ಮೂಸಿದೆ. ಒದ್ದೆಯಾದ ಒಣಹುಲ್ಲು, ಅಷ್ಟೇ. ಇನ್ನೊಂದು ಡಬ್ಬಿ ತೆಗೆದೆ, ಅದರ ಹಿಂದಿನ ವರ್ಷದ್ದು. ಅದೂ ಹಾಗೆಯೇ.

ಮುಗಿಯಿತು. ಮೂಗು ಬರಲಿಲ್ಲ.

ಡಾಕ್ಟರು ಹೇಳಿದ್ದರು, ಬರದೆಯೂ ಇರಬಹುದೆಂದು. ಸಂಜೆ ಯೂ-ಚೆಂಗ್‌ಗೆ ಫೋನ್ ಮಾಡಿ, ಎಲೆ ಕೊಯ್ಯುವ ದಿನ ವ್ಯಾನ್ ಕಳಿಸು ಎಂದೆ. "ದೊಡ್ಡಪ್ಪ, ನಿಜವಾಗ್ಲೂನಾ?" ಎಂದು ಎರಡು ಸಲ ಕೇಳಿದ. ಒಳ್ಳೆಯ ಹುಡುಗ, ಖುಷಿಯನ್ನು ಅಡಗಿಸಿಕೊಳ್ಳಲು ನೋಡಿದ. ಲಾನ್-ಮೋಯ್‌ಗೆ ಹೇಳಿದೆ. ಅವಳು "ಯಾವ ಡಬ್ಬಿ ಮೂಸಿದೆ?" ಎಂದು ಕೇಳಿದಳು. ಹೇಳಿದೆ. ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಮರುಕಕ್ಕೆ ಸುಮ್ಮನಾದಳೆಂದು ಕಾಣುತ್ತದೆ.

ಊಟ ಸೇರಲಿಲ್ಲ. ಆ-ಖುನ್ ಮನೆಗೆ ಹೋಗಿ ಒಂದು ಸಿಗರೇಟು ಕೇಳೋಣ ಎಂದು ಅರ್ಧ ದಾರಿ ಹೋದವನು ಹಿಂದಿರುಗಿದೆ. ಅವನ ಜಾಕೆಟ್ ನೆನಪಾಯಿತು.

ಜೂನ್ 8

ಬೆಳಗಿನಿಂದ ಕೊಯ್ಲು. ಹದಿನಾಲ್ಕು ಜನ ಹೆಂಗಸರು, ಹಾಡು, ಹರಟೆ, ಒಂದು ಮೊಗ್ಗು ಎರಡು ಎಲೆ. ಮಧ್ಯಾಹ್ನದ ಮೊದಲೇ ಯೂ-ಚೆಂಗ್ ವ್ಯಾನ್ ತಂದು ಅಂಗಳದಲ್ಲಿ ನಿಲ್ಲಿಸಿದ. ಕೆಲಸದವನೊಬ್ಬ ಬುಟ್ಟಿಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದ. ನೋಡಲಾರೆನೆಂದು ನಾನು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕೂತು ಈರುಳ್ಳಿ ಸಿಪ್ಪೆ ತೆಗೆಯುತ್ತಿದ್ದೆ. ಚಹಾ ಮನೆಯ ಬೀಗ ಜೇಬಿನಲ್ಲಿತ್ತು. ಅಪ್ಪ ಆ ಮನೆಗೆ ಗೋಡೆ ಎಬ್ಬಿಸಿದಾಗ ಮಣ್ಣು ಕಲಸಿದವನು ನಾನು. ಅದಕ್ಕೆ ನಾನೇ ಬೀಗ ಹಾಕಬೇಕಲ್ಲ.

ಆಗ ತಲೆ ಕೆಟ್ಟುಹೋಯಿತು. ಎದ್ದು ಅಂಗಳಕ್ಕೆ ಓಡಿದೆ.

"ಅಯ್ಯೋ ದರಿದ್ರದವನೇ, ಕೆಳಗಿನ ಬುಟ್ಟಿ ತೆಗಿ! ಎಲೆ ಬೇಯ್ತಾ ಇದೆ!"

"ಯಾವ್ದು ದೊಡ್ಡಪ್ಪ?"

"ಆ ಮೂಲೇದು! ಹಸಿ ಎಲೇನ ಹೀಗೆ ಒಟ್ತಾರೇನೋ? ಬೇಯಿಸಿದ ಗೆಣಸಿನ ನಾತ ಹೊಡೀತಾ ಇದೆ, ಮೂಗಿಲ್ವಾ ನಿಂಗೆ?"

ಯೂ-ಚೆಂಗ್ ಮೂಲೆಯ ಬುಟ್ಟಿಯೊಳಗೆ ಕೈ ತೂರಿಸಿ ಚಟಕ್ಕನೆ ತೆಗೆದ. ಒಳಗೆ ಬಿಸಿಯಾಗಿತ್ತು. ಎಲ್ಲ ಬುಟ್ಟಿಗಳನ್ನೂ ಇಳಿಸಿ, ಬಟ್ಟೆಯ ಮೇಲೆ ಹರಡಿದೆ. ಬೆಂದಿದ್ದ ಎಲೆಯಷ್ಟನ್ನು ಬೇರೆ ಮಾಡಿ ಎಸೆದೆ. ಇವರ ಕೈಗೆ ಎಲೆ ಕೊಡಬೇಕೇ? ಅಂಗಳದಲ್ಲಿ ನಿಂತವರು ಜಗಲಿಯಲ್ಲಿ ಕೂತವನಿಗೆ ತಿಳಿದದ್ದನ್ನು ತಿಳಿಯಲಾರರೇ?

ತಲೆ ಎತ್ತಿದರೆ ಕೊಯ್ಲಿನ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಲಾನ್-ಮೋಯ್ ಯೂ-ಚೆಂಗ್ ಹತ್ತಿರ ಹೋಗಿ ಅವನ ಬೆನ್ನು ತಟ್ಟಿದಳು. "ನೀನು ವ್ಯಾನ್ ತಗೊಂಡು ಹೊರಡಪ್ಪ. ಊಟ ಮಾಡ್ಕೊಂಡು ಹೋಗು."

"ಯಾಕೆ, ಎಲೆ?" ಎಂದೆ ನಾನು.

"ನಿನ್ನ ಮೂಗು ಎಲ್ಲಿತ್ತೋ ಈಗ?"

ಅವಳು ಹಾಗೆ ಕೇಳಿದ ಮೇಲೆ ನನಗೆ ತಿಳಿಯಿತು. ಅಲ್ಲೇ ಬಟ್ಟೆಯ ಮೇಲೆ ಎಲೆಗಳ ನಡುವೆ ಕೂತುಬಿಟ್ಟೆ. ಹೆಂಗಸರು ನಕ್ಕ ನಗು ಪಕ್ಕದ ಗುಡ್ಡಕ್ಕೂ ಕೇಳಿಸಿರಬೇಕು. ಯೂ-ಚೆಂಗ್ ಕೂಡ ನಕ್ಕ, ಎರಡು ಬಟ್ಟಲು ಉಂಡು ಹೋದ.

ಜೂನ್ 9

ಮೈ ನೋವು. ಆದರೂ ಬರೆಯುತ್ತೇನೆ.

ನಿನ್ನೆ ಬಿಸಿಲು ಇಳಿಯುವ ಹೊತ್ತಿಗೆ ಎಲೆಯನ್ನು ಒಳಗೆ ತಂದೆ. ಮೊದಲ ಸಲ ಕೈಯಾಡಿಸಿದೆ. ಬಿಟ್ಟೆ. ಆಮೇಲೆ ಏನು ಮಾಡುವುದು? ಕೈ ಜೇಬಿಗೆ ಹೋಯಿತು, ಜೇಬಿನಲ್ಲಿ ಬೀಗ. ಎಷ್ಟು ಹೊತ್ತು ಎಂದು ಹೇಳುವವರು ಯಾರೂ ಇಲ್ಲ. ಅಪ್ಪ ಇಲ್ಲ, ಸಿಗರೇಟು ಇಲ್ಲ. ನಿಜಕ್ಕೂ ಭಯವಾಯಿತು. ತಟ್ಟೆಯ ಮೇಲೆ ನಾನೇ ತಲೆ ಬಗ್ಗಿಸಿದೆ.

ಮೊದಲು ಕುಡುಗೋಲಿಗೆ ಸಿಕ್ಕ ಹಸಿ ಹುಲ್ಲು. ಕಾದೆ. ಎಳೆ ಸೌತೆಕಾಯಿ ಮುರಿದ ಹಾಗೆ. ಕೈಯಾಡಿಸಿದೆ, ಕಾದೆ. ಹೂವೊಂದು ಬಂತು, ಹೆಸರು ತಿಳಿಯದು, ಬಂದದ್ದೇ ಹೊರಟುಹೋಯಿತು. ಇನ್ನು ಬರುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಕಳಿತ ಹಣ್ಣಿನ ಹಿಂದೆ ಹಿಂದೆಯೇ ಜೇನು. ಕೋಣೆಯ ತುಂಬ ಜೇನು. ಸಿಗರೇಟಿನ ಲೆಕ್ಕದಲ್ಲಾದರೆ ಇನ್ನೂ ಬಹಳ ಹೊತ್ತಿತ್ತು. ಕೈ ಹಿಂಜರಿಯಿತು. ಈಗ ಒಲೆಗೆ ಹಾಕಿಬಿಟ್ಟರೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಮತ್ತೆ ಮೂಸಿದೆ. ಇದೇ ಹೊತ್ತು. ಹೊರಗೆ ಕೂತು ಹೊಗೆ ಬಿಡುತ್ತಿದ್ದ ಎಲ್ಲ ವರ್ಷಗಳಲ್ಲೂ ಈ ಹೊತ್ತು ಒಳಗೆ ಬಂದು, ನನಗಾಗಿ ಕಾದು, ಹೋಗಿರಬೇಕು.

"ಲಾನ್-ಮೋಯ್, ಒಲೆ!" ಎಂದು ಕೂಗಿದೆ. ಅವಳು ಆಗಲೇ ಬೆಂಕಿ ಮಾಡಿ ಕೂತಿದ್ದಳು.

ಹುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಉಜ್ಜಿ, ಒಣಗಿಸಿ ಮುಗಿಸುವ ಹೊತ್ತಿಗೆ ಕೋಳಿಗಳು ಅಂಗಳಕ್ಕಿಳಿದಿದ್ದವು. ಅದರಲ್ಲೊಂದು ಪಕ್‌ಕುಂಗ್ ಅಜ್ಜನದು.

ಜೂನ್ 10

ಚಹಾ ಒಂದು ದಿನ ಸುಮ್ಮನಿರಬೇಕು. ಇರಲು ಬಿಟ್ಟೆ. ಇವತ್ತು ಬೆಳಿಗ್ಗೆ ಲಾನ್-ಮೋಯ್ ಅಕ್ಕಿ ತೊಳೆಯುತ್ತಿದ್ದಾಗ ಅಡುಗೆಮನೆಯ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟು ಚಹಾ ಬಗ್ಗಿಸಿದೆ. ಜೇನಿನ ಬಣ್ಣ. ನಾನು ಕುಡಿಯಲಿಲ್ಲ. ಅವಳ ಮುಖ ನೋಡುತ್ತಾ ಕೂತೆ. ವ್ಯಾಪಾರಿ ನಾಳೆ ಬರುತ್ತಾನೆ, ಅವನು ಏನನ್ನುತ್ತಾನೋ ಎಂಬ ಚಿಂತೆ ನನಗಿರಲಿಲ್ಲ.

ಅವಳು ಕೈ ಒರೆಸಿಕೊಂಡು ಕೂತಳು. ಮೂಸಿದಳು. ಒಂದು ಗುಟುಕು, ಇನ್ನೊಂದು ಗುಟುಕು. ಬಟ್ಟಲು ಖಾಲಿ ಮಾಡಿದಳು. ಆಮೇಲೆ ತಾನೇ ಕೈಚಾಚಿ ಇನ್ನೊಂದು ಬಟ್ಟಲು ಬಗ್ಗಿಸಿಕೊಂಡಳು. ಅದನ್ನೂ ಕುಡಿದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಹೇಗಿದೆ?" ಎಂದೆ. ತಡೆಯಲಾಗಲಿಲ್ಲ.

"ಮಾವ ಹೋದ ಮೇಲೆ ಈ ಮನೇಲಿ ಚಹಾ ಕುಡಿದಿದ್ದು ಇವತ್ತೇ."

ಖುಷಿಯಾಗಬೇಕಿತ್ತು. ಅರ್ಧ ಕ್ಷಣ ಆಯಿತು ಕೂಡ. ಆಮೇಲೆ ಲೆಕ್ಕ ಹಾಕಿದೆ.

"ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿಕೊಟ್ಟಿದ್ದು?"

"ಬಿಸಿನೀರು. ಬಣ್ಣ ಚೆನ್ನಾಗಿತ್ತು."

"ದಿನಾ ಕುಡಿದ್ಯಲ್ಲೇ!"

"ನೀನು ಮಾಡಿದ್ದು ಅಂತ ಕುಡಿದೆ."

"ಒಂದು ಸಲನಾದ್ರೂ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

ಲಾನ್-ಮೋಯ್ ಬಟ್ಟಲನ್ನು ಕೆಳಗಿಟ್ಟಳು. "ಹೇಳಿದ್ರೆ ನೀನು ಎದ್ದು ಹೊರಗೆ ಹೋಗಿ ಒಂದು ಹಚ್ತಿದ್ದೆ."

ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಅವಳ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು, ಮೂರೂ ಒಟ್ಟಿಗೆ. ನಿಜ ಹೇಳಬೇಕೆಂದರೆ ಅವಳು ಆ ಮಾತಾಡುವ ಹೊತ್ತಿಗೆ ನಾನು ಕುರ್ಚಿ ಹಿಂದಕ್ಕೆ ತಳ್ಳಿ ಅರ್ಧ ಎದ್ದಾಗಿತ್ತು. ಮತ್ತೆ ಕೂತೆ. ಅವಳ ಬಟ್ಟಲಿಗೆ ಮೂರನೆಯ ಸಲ ಬಗ್ಗಿಸಿ, ನನ್ನದನ್ನು ಕೈಗೆತ್ತಿಕೊಂಡೆ.